ಕಚೇರಿ ದೂರವಾದ ಸೀಮೆ

2017ರಲ್ಲಿ ಬೆಳಗಾವಿ ಜಿಲ್ಲೆಯ ಮೂಡಲಗಿಯ ಹೆಸರು ಒಂದು ಪಟ್ಟಿಯಿಂದ ಬಿಟ್ಟುಹೋಯಿತು. 2013ರ ಬಜೆಟ್ಟಿನಲ್ಲಿ ಜಗದೀಶ ಶೆಟ್ಟರ್ ಸರ್ಕಾರ 43 ಹೊಸ ತಾಲ್ಲೂಕುಗಳನ್ನು ಘೋಷಿಸಿದಾಗಿನಿಂದ ಆ ಊರು ಕಾದು ಕುಳಿತಿತ್ತು. ನಾಲ್ಕು ವರ್ಷವಾದ ಮೇಲೆ ಸಿದ್ದರಾಮಯ್ಯ ಸರ್ಕಾರ ಹೊಸ ತಾಲ್ಲೂಕುಗಳ ಆದೇಶ ಹೊರಡಿಸಿತು. ಪಟ್ಟಿಯಲ್ಲಿ ನಿಪ್ಪಾಣಿ ಇತ್ತು, ಕಾಗವಾಡ ಇತ್ತು, ಮೂಡಲಗಿ ಇರಲಿಲ್ಲ. ಊರು ಬಂದ್ ಆಯಿತು, ಧರಣಿಗೆ ಪೆಂಡಾಲ್ ಬಿತ್ತು. ಸುತ್ತಲಿನ ಹಳ್ಳಿಗಳಿಂದ ಜನ ಪಾಳಿ ಹಚ್ಚಿ ಬಂದು ಕುಳಿತರು. ಕೊನೆಗೆ ಸರ್ಕಾರ ಮಣಿದು ಹೆಸರು ಸೇರಿಸಿತು. 2018ರಲ್ಲಿ ಮೂಡಲಗಿ ತಾಲ್ಲೂಕಾಯಿತು.

ಬೆಂಗಳೂರಿನಲ್ಲಿ ಕುಳಿತು ಸುದ್ದಿ ಓದಿದವರಿಗೆ ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಹಟವೇಕೆ ಅನ್ನಿಸಿರಬಹುದು. ಹೊಲದ ಉತಾರ ತೆಗೆಸಲು, ವಾರಸಾ ಹಚ್ಚಿಸಲು, ಮಗಳ ಜಾತಿ-ಆದಾಯ ಪ್ರಮಾಣಪತ್ರಕ್ಕೆ ಸಹಿ ಹಾಕಿಸಲು ಒಂದು ದಿನದ ಕೂಲಿ ಬಿಟ್ಟು ಆಗಿನ ತಾಲ್ಲೂಕು ಕೇಂದ್ರ ಗೋಕಾಕಕ್ಕೆ ಹೋಗಬೇಕಾಗಿದ್ದವರಿಗೆ ಅದು ಸಣ್ಣ ವಿಷಯವಾಗಿರಲಿಲ್ಲ. ಸಾಹೇಬರು ಸಿಗದಿದ್ದರೆ ಮರುದಿನ ಮತ್ತೆ ಅದೇ ಬಸ್ಸು. ತಾಲ್ಲೂಕು ಎಂದರೆ ಅವರ ಪಾಲಿಗೆ ನಕಾಶೆಯ ಮೇಲಿನ ಗೆರೆಯಲ್ಲ, ಹೋಗಿಬರುವ ದಾರಿಯ ಉದ್ದ.

ಗೋಕಾಕ, ಮೂಡಲಗಿ, ಹುಕ್ಕೇರಿ. ಈ ಮೂರರ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡಿದಾಗಲೆಲ್ಲ ನನಗೆ ಒಂದೇ ಸಂಗತಿ ಎದ್ದು ಕಾಣುತ್ತದೆ. ಈ ಸೀಮೆಯನ್ನು ಆಳಿದವರು ಯಾವಾಗಲೂ ಬೇರೆ ಕಡೆ ಕುಳಿತು ಆಳಿದ್ದಾರೆ. ಬಾದಾಮಿ, ಕಲ್ಯಾಣ, ವಿಜಯಪುರ, ಸವಣೂರು, ಪುಣೆ, ಮುಂಬಯಿ, ಬೆಂಗಳೂರು: ಗಾದಿ ಬದಲಾಯಿತು, ದೂರ ಬದಲಾಗಲಿಲ್ಲ. ಕೇಳಿದ್ದು ಸಿಗದಿದ್ದಾಗ ಈ ನೆಲದ ಜನ ತಮ್ಮದೇ ವ್ಯವಸ್ಥೆಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಒಂದು ಇಡೀ ಕರ್ನಾಟಕದಲ್ಲಿ ಇನ್ನೆಲ್ಲೂ ಇಲ್ಲ. ಅದರ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಒಂದು ಹೋಲಿಕೆ. ಅಸ್ಸಾಮಿನ ಕಾರ್ಬಿ ಗುಡ್ಡಗಳ ಜನಕ್ಕೂ ದೂರದ ಕಚೇರಿಯ ಇದೇ ಸಂಕಟವಿತ್ತು. ಅದಕ್ಕೆ ದೇಶ ಬೇರೆ ರೀತಿಯ ಉತ್ತರ ಕೊಟ್ಟಿತು. ಸಂವಿಧಾನ ಸಭೆಯಲ್ಲಿ ಗೋಪಿನಾಥ ಬರ್ದಲೈ ನೇತೃತ್ವದ ಉಪಸಮಿತಿ ಈಶಾನ್ಯದ ಗುಡ್ಡಗಾಡುಗಳನ್ನು ಸುತ್ತಿ ಬಂದು ವರದಿ ಕೊಟ್ಟಿತು, ಅದರಿಂದ ಸಂವಿಧಾನದ ಆರನೆಯ ಅನುಸೂಚಿ ಹುಟ್ಟಿತು. 1951ರಲ್ಲಿ ಮಿಕಿರ್ ಮತ್ತು ಉತ್ತರ ಕಾಚಾರ್ ಗುಡ್ಡಗಳನ್ನು ಕೂಡಿಸಿ ಒಂದು ಜಿಲ್ಲೆ ಮಾಡಿದರು, ಮರುವರ್ಷ ಮಿಕಿರ್ ಗುಡ್ಡಗಳಿಗೆ ಸ್ವಂತ ಜಿಲ್ಲಾ ಪರಿಷತ್ತು ಬಂತು. 1970ರಲ್ಲಿ ಎರಡೂ ಬೇರೆಯಾದವು. 1976ರಲ್ಲಿ ಮಿಕಿರ್ ಗುಡ್ಡಗಳ ಜಿಲ್ಲೆಗೆ ಕಾರ್ಬಿ ಆಂಗ್ಲಾಂಗ್ ಎಂಬ ಅವರದೇ ಭಾಷೆಯ ಹೆಸರು ಬಂತು. ದಿಫು ಊರಿನಲ್ಲಿರುವ ಆ ಪರಿಷತ್ತಿನಲ್ಲಿ 30 ಸದಸ್ಯರು, ಅವರಲ್ಲಿ 26 ಮಂದಿ ಜನ ಆರಿಸಿದವರು. ಜಮೀನಿನ ಹಂಚಿಕೆ, ಕಾಯ್ದಿಟ್ಟದ್ದಲ್ಲದ ಅರಣ್ಯ, ಹಳ್ಳಿಯ ಆಡಳಿತ, ಮದುವೆ ಮತ್ತು ವಾರಸಿನ ರೂಢಿ ಇವುಗಳ ಬಗ್ಗೆ ಪರಿಷತ್ತು ತಾನೇ ಕಾನೂನು ಮಾಡಬಹುದು. ಅಲ್ಲಿಯೂ ಎಲ್ಲವೂ ಸುಸೂತ್ರವಾಗಿಲ್ಲ. ಹಣದ ಗಂಟು ರಾಜ್ಯದ ಕೈಯಲ್ಲಿದೆ, ಸ್ವಾಯತ್ತ ರಾಜ್ಯ ಬೇಕೆಂಬ ಚಳವಳಿಯಲ್ಲಿ ನೆತ್ತರೂ ಹರಿದಿದೆ. ಆದರೆ ನಮ್ಮ ಗುಡ್ಡ ನಮ್ಮ ಮಾತು ಕೇಳಬೇಕು ಎಂಬ ಆಸೆಗೆ ಸಂವಿಧಾನದಲ್ಲೇ ಒಂದು ಜಾಗ ಸಿಕ್ಕಿತು.

ಕರ್ನಾಟಕದಲ್ಲಿ ಅಂಥದ್ದಕ್ಕೆ ತೀರ ಹತ್ತಿರ ಬಂದದ್ದು ಕೊಡಗು. 1952ರಿಂದ 1956ರವರೆಗೆ ಅದು 24 ಶಾಸಕರ, ಸಿ. ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದ ಪುಟ್ಟ ರಾಜ್ಯವಾಗಿತ್ತು. ನಮ್ಮ ಘಟಪ್ರಭೆಯ ದಂಡೆಗೆ ಅಂಥ ಭಾಗ್ಯ ಎಂದೂ ಬರಲಿಲ್ಲ. ಇಲ್ಲಿನ ಜನ ಅದನ್ನು ಕೇಳಿದವರೂ ಅಲ್ಲ. ಅವರು ಕೇಳಿದ್ದು ಹತ್ತಿರದಲ್ಲೊಂದು ಕಚೇರಿ, ಅಷ್ಟೆ.

ಈಗ ನೆಲದ ಮಾತು. ಸಹ್ಯಾದ್ರಿಯಲ್ಲಿ ಹುಟ್ಟುವ ಘಟಪ್ರಭೆ 283 ಕಿಲೋಮೀಟರ್ ಹರಿದು ಬಾಗಲಕೋಟೆ ಜಿಲ್ಲೆಯ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ದಾರಿಯಲ್ಲಿ ಸಂಕೇಶ್ವರದ ಕಡೆಯಿಂದ ಹಿರಣ್ಯಕೇಶಿ, ಬೆಳಗಾವಿಯ ಕಡೆಯಿಂದ ಮಾರ್ಕಂಡೇಯ ಬಂದು ಸೇರುತ್ತವೆ. ಉತ್ತರಕ್ಕೆ ನೋಡಿದರೆ ಎರೆಮಣ್ಣಿನ ಬಯಲು. ಗೋಕಾಕದ ಸುತ್ತ ಮಾತ್ರ ನೆಲ ಏಕಾಏಕಿ ಎದ್ದು ನಿಲ್ಲುತ್ತದೆ. ಭೂಗರ್ಭಶಾಸ್ತ್ರದವರು ಕಲಾದಗಿ ಶಿಲಾಸ್ತರ ಎನ್ನುವ ಹಳೆಯ ಮರಳುಗಲ್ಲು ಇದು, ಬಾದಾಮಿಯ ಕಡೆಗೆ ಹಬ್ಬಿರುವ ಗುಡ್ಡಸಾಲಿನದೇ ಬಳಗ. ಆ ಕಲ್ಲಿನ ಅಂಚಿನಿಂದ ಹೊಳೆ 52 ಮೀಟರ್ ಕೆಳಗೆ ಧುಮುಕುತ್ತದೆ. ಮಳೆಗಾಲದಲ್ಲಿ ಕುದುರೆ ಲಾಳದ ಆಕಾರದ ಆ ಅಂಚಿನ ತುಂಬ ಕೆಂಪು ನೀರು ತುಂಬಿದಾಗ ಮಾತು ಆಡಿದವರಿಗೇ ಕೇಳಿಸುವುದಿಲ್ಲ. ಬೇಸಿಗೆಯಲ್ಲಿ ಅದೇ ಅಂಚು ಒಣ ಬಂಡೆ. ಪಕ್ಕದಲ್ಲಿ ಚಾಲುಕ್ಯರ ಕಾಲದ ಮಹಾಲಿಂಗೇಶ್ವರನ ಗುಡಿ, ಹೊಳೆಯ ಮೇಲೆ 201 ಮೀಟರ್ ಉದ್ದದ ತೂಗುಸೇತುವೆ.

1047ರ ಒಂದು ಶಾಸನದಲ್ಲಿ ಈ ಊರು ಗೋಕಾಗೆ. ಆದಿಲಶಾಹಿಗಳ ಕಾಲಕ್ಕೆ ಗೋಕಾಕವೂ ಹುಕ್ಕೇರಿಯೂ ದೊಡ್ಡ ಠಾಣ್ಯಗಳಾದವು. ಹುಕ್ಕೇರಿಯನ್ನು ಜನ ಇಂದಿಗೂ ಹೂವಿನಕೇರಿ ಎಂದು ಬಿಡಿಸಿ ಹೇಳುತ್ತಾರೆ. ಇಲ್ಲಿನ ಗುಲಾಬಿ ವಿಜಯಪುರದ ಅರಮನೆಗೆ ಹೋಗುತ್ತಿತ್ತೆಂಬುದು ಊರಿನ ನಂಬಿಕೆ. ಅದರ ಪುರಾವೆ ಹುಡುಕಲು ನಾನು ಹೋಗುವುದಿಲ್ಲ. ವಿಜಯಪುರದ ಸರದಾರರು ಇಲ್ಲಿ ನೆಲೆನಿಂತಿದ್ದಕ್ಕೆ ಊರಂಚಿನ ಗುಮ್ಮಟಗಳೇ ಸಾಕ್ಷಿಯಾಗಿವೆ. ಗೋಕಾಕ 18ನೆಯ ಶತಮಾನದ ನಡುವಿನವರೆಗೆ ಸವಣೂರ ನವಾಬರ ಕೈಯಲ್ಲಿತ್ತು, ಆಮೇಲೆ ಮರಾಠಾ ಸರದಾರರಾದ ಪಟವರ್ಧನರ ಕೈಗೆ ಹೋಯಿತು.

ದೂರದ ಗಾದಿಗೂ ಹೊಲದ ಒಕ್ಕಲಿಗನಿಗೂ ನಡುವೆ ನಿಂತವರು ದೇಸಾಯರು. ಕಂದಾಯ ಎತ್ತಿ ಕಳಿಸುವುದು, ಕಳ್ಳಕಾಕರನ್ನು ಹತ್ತಿಕ್ಕುವುದು, ಕರೆ ಬಂದಾಗ ಸಿಪಾಯಿಗಳನ್ನು ಒದಗಿಸುವುದು ಅವರ ಹೊಣೆ. ಪ್ರತಿಯಾಗಿ ವತನ, ಇನಾಮು, ಊರೊಳಗೆ ವಾಡೆ. ನಮ್ಮ ಭಾಗದಲ್ಲಿ ಸರ್ಕಾರ ಎನ್ನುವ ಮಾತಿಗೆ ನೂರಾರು ವರ್ಷ ಇದ್ದ ಮುಖ ಆ ವಾಡೆಯ ದೊಡ್ಡ ಬಾಗಿಲು. ಅದು ಸ್ವರಾಜ್ಯವಾಗಿರಲಿಲ್ಲ, ಒಕ್ಕಲಿಗನ ಬೆನ್ನಿನ ಬಾಸುಂಡೆಗಳನ್ನು ಮರೆತು ದೇಸಗತಿಯನ್ನು ಹೊಗಳಲಾಗದು. ಆದರೆ ನ್ಯಾಯ ಕೇಳಲು ನಡೆದು ಹೋಗುವಷ್ಟು ಹತ್ತಿರವಿತ್ತು ಎಂಬುದೂ ನಿಜ. ಆ ನೆನಪು ಜನಮನದಲ್ಲಿ ಎಷ್ಟು ಆಳಕ್ಕಿಳಿದಿದೆ ಎಂಬುದನ್ನು ತಿಳಿಯಬೇಕಾದರೆ ಚಂದ್ರಶೇಖರ ಕಂಬಾರರನ್ನು ಓದಬೇಕು. 1937ರಲ್ಲಿ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ, ಇದೇ ಘಟಪ್ರಭೆಯ ದಂಡೆಯಲ್ಲಿ ಹುಟ್ಟಿದವರು ಅವರು. ಅವರ ಕೃತಿಗಳಲ್ಲಿ ಮತ್ತೆ ಮತ್ತೆ ಬರುವ ಶಿವಾಪುರ ಎಂಬ ಊರು ತನ್ನ ದೇವತೆ, ತನ್ನ ಗೌಡ, ತನ್ನ ಪಂಚರು, ತನ್ನ ಪಾಪಪುಣ್ಯಗಳ ಸಮೇತ ತಾನೇ ಒಂದು ಲೋಕವಾಗಿದೆ, ಹೊರಗಿನಿಂದ ಅಧಿಕಾರ ಬಂದು ಅದರ ಹೊಸ್ತಿಲು ತುಳಿದಾಗ ಅಲ್ಲಿ ಕತೆ ಹುಟ್ಟುತ್ತದೆ.

1836ರಲ್ಲಿ ಎರಡು ಘಟನೆಗಳು ಜೊತೆಯಾಗಿ ನಡೆದವು. ಗೋವಿಂದರಾವ್ ಪಟವರ್ಧನರ ಮರಣದಿಂದ ಗೋಕಾಕ ಕಂಪನಿ ಸರ್ಕಾರಕ್ಕೆ ಸೇರಿತು. ಅದೇ ವರ್ಷ ದೊಡ್ಡದಾಗಿದ್ದ ಧಾರವಾಡ ಕಲೆಕ್ಟರೇಟನ್ನು ಒಡೆದು ಬೆಳಗಾವಿ ಜಿಲ್ಲೆ ಮಾಡಿದರು. ಅಂದರೆ ಈ ಸೀಮೆಯ ಜನಕ್ಕೆ ಜಿಲ್ಲಾ ಕಚೇರಿ ಎಂಬುದು ಬಂದದ್ದೇ ಒಂದು ದೊಡ್ಡ ಜಿಲ್ಲೆಯನ್ನು ಒಡೆದದ್ದರಿಂದ. ಅಂದು ಕಂಪನಿಯ ಅಧಿಕಾರಿಗಳಿಗೆ ಹೊಳೆದದ್ದು ಆಮೇಲಿನ ಸರ್ಕಾರಗಳಿಗೆ ಏಕೆ ಇಷ್ಟು ಕಷ್ಟವಾಯಿತು ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಹುಕ್ಕೇರಿಗೆ ಆಗಲೂ ಸ್ವಂತ ಸ್ಥಾನ ಸಿಗಲಿಲ್ಲ. ಬ್ರಿಟಿಷರ ಲೆಕ್ಕದಲ್ಲಿ ಅದು ಚಿಕ್ಕೋಡಿಯ ಒಂದು ಭಾಗವಾಗಿತ್ತು.

ಬ್ರಿಟಿಷರ ಕಾಲದಲ್ಲಿ ಇಲ್ಲಿ ಎರಡು ದೊಡ್ಡ ಕೆಲಸಗಳಾದವು, ಎರಡೂ ನೀರಿನವು. ಧಾತು-ಈಶ್ವರ ಸಂವತ್ಸರದ ಬರ, ಅಂದರೆ 1876ರಿಂದ 1878ರದ್ದು, ಬೆಳಗಾವಿ ಜಿಲ್ಲೆಯ ಪೂರ್ವ ಭಾಗವನ್ನು ಬಡಿದ ಪರಿ ಭಯಂಕರ. ಕಣ್ಣೆದುರು ಹೊಳೆ ಹರಿಯುತ್ತಿದ್ದರೂ ಹೊಲಕ್ಕೆ ನೀರಿಲ್ಲ ಎಂಬುದು ಆ ಬರ ಕಲಿಸಿದ ಪಾಠ. ಜಲಪಾತಕ್ಕಿಂತ ಮೇಲೆ ಧೂಪದಾಳದಲ್ಲಿ ಒಡ್ಡು ಕಟ್ಟಿ ಎಡದಂಡೆಗೆ ಕಾಲುವೆ ತೆಗೆದರು, 1897ರ ಹೊತ್ತಿಗೆ ಅದು ಪೂರ್ತಿಯಾಯಿತು. ಇಂದು ಮೂಡಲಗಿ, ಅರಭಾವಿಯ ಕಡೆ ಕಾಣುವ ಕಬ್ಬು, ಗೋವಿನಜೋಳದ ಹಸಿರಿಗೆ ಮೊದಲ ಬೀಜ ಆ ಕಾಲುವೆ. ಒಡ್ಡಿನ ಹಿಂದೆ ನಿಂತ ನೀರಿಗೆ ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಬರತೊಡಗಿದವು. ಈಗ ಅದು ಘಟಪ್ರಭಾ ಪಕ್ಷಿಧಾಮ.

ಇನ್ನೊಂದು ಗೋಕಾಕದ ಮಿಲ್ಲು. ಮುಂಬಯಿಯ ಫೋರ್ಬ್ಸ್ ಕಂಪನಿಯ ಬೆಂಬಲದಿಂದ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ 1885ರಲ್ಲಿ ಸ್ಥಾಪನೆಯಾಯಿತು. ಎರಡು ವರ್ಷದಲ್ಲಿ ನೂಲು ತೆಗೆಯುವ ಯಂತ್ರಗಳು ತಿರುಗತೊಡಗಿದವು. ಹೊಳೆಯ ನೀರನ್ನು ಕೊಳವೆಯಲ್ಲಿ ಬಂಡೆಯ ಬುಡಕ್ಕೆ ಇಳಿಸಿ ಅದರ ರಭಸದಿಂದ ಟರ್ಬೈನು ತಿರುಗಿಸುವುದು ಇದರ ಹೂಟ. 1887ರಲ್ಲಿ ಇಲ್ಲಿ ನೀರಿನಿಂದ ವಿದ್ಯುತ್ತನ್ನೂ ಪಡೆದರೆಂಬುದು ದಾಖಲೆಯ ಮಾತು. ಕೋಲಾರದ ಚಿನ್ನದ ಗಣಿಗೆ ಬೆಳಕು ಕೊಟ್ಟ ಶಿವನಸಮುದ್ರ ಶುರುವಾದದ್ದು 1902ರಲ್ಲಿ, ಗೋಕಾಕ ಅದಕ್ಕಿಂತ 15 ವರ್ಷ ಹಿರಿಯ. ಜೋಳದ ರೊಟ್ಟಿ ಕಟ್ಟಿಕೊಂಡು ಪಾಳಿಗೆ ಬರುವ ಕಾರ್ಮಿಕರ ಒಂದು ಹೊಸ ಊರೇ ಜಲಪಾತದ ನೆತ್ತಿಯ ಮೇಲೆ ಬೆಳೆಯಿತು. ಹಿಂದೆ ಗೋಕಾಕ ಎಂದರೆ ಬಣ್ಣ ಹಾಕುವವರ, ನೇಯುವವರ, ಹಗುರ ಕಟ್ಟಿಗೆಯಲ್ಲಿ ಮತ್ತು ಮಣ್ಣಿನಲ್ಲಿ ಹಣ್ಣು, ಗೊಂಬೆ ಮಾಡುವ ಜೀನಗಾರರ ಊರಾಗಿತ್ತು. ಮಿಲ್ಲಿನ ಭೋಂಗಾ ಅದಕ್ಕೆ ಹೊಸ ಗಡಿಯಾರ ತಂದಿತು.

ಆದರೆ ಗಮನಿಸಿ: ಹೊಳೆ ನಮ್ಮದು, ಬಂಡೆ ನಮ್ಮದು, ದುಡಿಮೆ ನಮ್ಮದು, ಲೆಕ್ಕದ ಪುಸ್ತಕ ಮಾತ್ರ ಮುಂಬಯಿಯಲ್ಲಿ. ಮಿಲ್ಲಿನ ಒಳಗೆ ದೀಪ ಉರಿಯುತ್ತಿದ್ದ ಎಷ್ಟೋ ದಶಕ ಸುತ್ತಲಿನ ಹಳ್ಳಿಗಳಲ್ಲಿ ಉರಿದದ್ದು ಎಣ್ಣೆಯ ಬುಡ್ಡಿ.

ಇಷ್ಟರಲ್ಲಿ ಬೇರೊಂದು ಗಾಳಿ ಬೀಸತೊಡಗಿತ್ತು. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದಲ್ಲೇ ಮೊದಲಿನದೆಂದು ಹೆಸರಾದ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದರು. ಸಾಹುಕಾರನ ಬಾಗಿಲಿಗೆ ಹೋಗದೆ ನಮ್ಮ ದುಡ್ಡನ್ನು ನಾವೇ ನಮಗೆ ಸಾಲ ಕೊಟ್ಟುಕೊಳ್ಳಬಹುದು ಎಂಬ ಸರಳ ವಿಚಾರ ಮುಂಬಯಿ ಕರ್ನಾಟಕದ ಹಳ್ಳಿಗಳಲ್ಲಿ ಬೇಗ ಬೇರುಬಿಟ್ಟಿತು. ಕಾಂಗ್ರೆಸ್ಸಿನ ಚಳವಳಿಯೂ ಅದೇ ಹೊತ್ತಿಗೆ ಹಬ್ಬಿತು. 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದ ಡಾ. ನಾ. ಸು. ಹರ್ಡೀಕರರು ಘಟಪ್ರಭಾ ಊರಿನಲ್ಲಿ ನೆಲೆಸಿದರು. 1929ರಲ್ಲಿ ಅಲ್ಲಿಯೇ ಡಾ. ಕೊಕಟನೂರರಂಥ ವೈದ್ಯರ ಶ್ರಮದಿಂದ ಕರ್ನಾಟಕ ಆರೋಗ್ಯಧಾಮ ತಲೆಯೆತ್ತಿತು. ಸರ್ಕಾರಿ ದವಾಖಾನೆ ದೂರವಿದ್ದ ಕಾಲದಲ್ಲಿ ರೈಲು ಹಳಿಯ ಪಕ್ಕ ಜನರ ದೇಣಿಗೆಯಿಂದ ನಿಂತ ದವಾಖಾನೆ ಅದು.

ಜನ ತಮ್ಮದೆಂದು ಕಟ್ಟಿಕೊಂಡದ್ದು ದವಾಖಾನೆ ಮಾತ್ರವಲ್ಲ. ಅಪರಾಳ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ ಎಂಬ ಸಣ್ಣಾಟವನ್ನು ತಿದ್ದಿ ಬೆಳೆಸಿ ಊರೂರಿಗೆ ಒಯ್ದವನು ಈಗಿನ ಮೂಡಲಗಿ ತಾಲ್ಲೂಕಿನ ಕುಲಗೋಡದ ತಮ್ಮಣ್ಣ. ಅದರಲ್ಲಿ ಹೆಣ್ಣು ಪಾತ್ರವನ್ನು ಹೆಣ್ಣೇ ಮಾಡಿ ಗೆದ್ದು ಹೆಸರಾದವಳು ಕೌಜಲಗಿ ನಿಂಗವ್ವ. ಬೆಳತನಕ ನಡೆಯುವ ಆ ಆಟಕ್ಕೆ ಕುಳಿತವರು ರಾಜಾಶ್ರಯ ಇಲ್ಲದೆ ಒಂದು ರಂಗಭೂಮಿಯನ್ನು ನೂರು ವರ್ಷಕ್ಕೂ ಮೇಲೆ ಸಾಕಿದರು. ಬೆಟಗೇರಿ ಕೃಷ್ಣಶರ್ಮರು, ಮಲಾಮರಡಿಯಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರು ಇದೇ ಗೋಕಾಕ ಸೀಮೆಯವರು. ಕನ್ನಡಕ್ಕೆ ಪ್ರಥಮ ಸ್ಥಾನ ಕೇಳಿದ ಚಳವಳಿಗೂ ಈ ಊರಿನ ಹೆಸರೇ ಅಂಟಿತು. ವಿ. ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಾದರೂ 1981ರ ಅವರ ಭಾಷಾ ವರದಿಯಿಂದಾಗಿ ಗೋಕಾಕ ಎಂಬ ಮೂರಕ್ಷರ ಬೀದರಿನಿಂದ ಚಾಮರಾಜನಗರದವರೆಗೆ ಘೋಷಣೆಯಾಯಿತು.

ಸ್ವಾತಂತ್ರ್ಯ ಬಂದ ಮೇಲೆ ವಾಡೆಗಳ ಕಾಲ ಮುಗಿಯಿತು. 1950ರ ಮುಂಬಯಿ ಕಾಯ್ದೆ ಪರಗಣಾ ಮತ್ತು ಕುಲಕರ್ಣಿ ವತನಗಳನ್ನು ರದ್ದು ಮಾಡಿತು. ದೇಸಾಯರ ಪೈಕಿ ಒಬ್ಬರ ಹೆಸರು ಮಾತ್ರ ನೀರಿನ ಮೇಲೆ ಉಳಿದಿದೆ. ವಂಟಮುರಿಯ ರಾಜಾ ಲಖಮಗೌಡ ಸರದೇಸಾಯರು ವಿದ್ಯೆಗೆ ಧಾರಾಳವಾಗಿ ಕೊಟ್ಟವರು, ಬೆಳಗಾವಿಯ ಕಾನೂನು ಕಾಲೇಜು, ವಿಜ್ಞಾನ ಕಾಲೇಜುಗಳಿಗೆ ಅವರದೇ ಹೆಸರು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ ಅಣೆಕಟ್ಟು 1977ರಲ್ಲಿ ಮುಗಿದಾಗ ಅದಕ್ಕೂ ಆ ಹೆಸರು ಬಂತು. 51 ಟಿಎಂಸಿ ನೀರು ಹಿಡಿಯುವ ಆ ಜಲಾಶಯ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹೊಲಗಳನ್ನು ತಣಿಸಿತು. ಹುಕ್ಕೇರಿಯ ಹಲವು ಹಳ್ಳಿಗಳು ಅದರ ಹೊಟ್ಟೆಯಲ್ಲಿ ಹೋದವು. ಹುನ್ನೂರಿನ ವಿಠ್ಠಲನ ಗುಡಿ ವರ್ಷದ ಬಹುಪಾಲು ನೀರೊಳಗೆ ನಿಂತಿರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಕಲ್ಲಿನ ಗುಡಿ ಮೆಲ್ಲಗೆ ಮೇಲೆ ಬರುತ್ತದೆ, ಮುಳುಗಿದ ಊರುಗಳವರ ಮಕ್ಕಳು, ಮೊಮ್ಮಕ್ಕಳು ಹೋಗಿ ಕೈಮುಗಿದು ಬರುತ್ತಾರೆ.

ಇನ್ನು ಆಗ ಹೇಳಿದ ಆ ಒಂದು ಸಂಸ್ಥೆ. 1960ರ ದಶಕದಲ್ಲಿ ಭಾರತದ ಹಳ್ಳಿಗಳಿಗೆ ಕರೆಂಟು ಒಯ್ಯುವುದು ಹೇಗೆಂಬ ಚರ್ಚೆ ಜೋರಾಗಿತ್ತು. ವಿದ್ಯುತ್ ಮಂಡಳಿಗಳಿಗೆ ಪೇಟೆಯ ಗಿರಾಕಿ, ಕಾರ್ಖಾನೆಯ ಗಿರಾಕಿ ಸಾಕಾಗಿದ್ದರು, ಹಳ್ಳಿಗೆ ಕಂಬ ಹುಗಿದರೆ ಹುಟ್ಟುವಳಿ ಕಡಿಮೆ. ಅಮೆರಿಕದಲ್ಲಿಯೂ 1930ರ ದಶಕದಲ್ಲಿ ಇದೇ ಸ್ಥಿತಿಯಿದ್ದಾಗ ಅಲ್ಲಿನ ರೈತರು ಸಹಕಾರಿ ಸಂಘ ಕಟ್ಟಿ, ಸರ್ಕಾರದ ಸಾಲ ಪಡೆದು, ತಾವೇ ತಂತಿ ಎಳೆದುಕೊಂಡಿದ್ದರು. ಆ ಸಂಘಗಳ ಒಕ್ಕೂಟದ ತಜ್ಞರು ಭಾರತಕ್ಕೆ ಬಂದು ಅಧ್ಯಯನ ಮಾಡಿ, ಇಲ್ಲಿಯೂ ಪ್ರಯೋಗ ಮಾಡಬಹುದು ಎಂದರು. ಐದು ಜಾಗ ಗೊತ್ತಾದವು: ಅಂದಿನ ಆಂಧ್ರದ ಸಿರಿಸಿಲ್ಲಾ, ಮಹಾರಾಷ್ಟ್ರದ ಮುಳಾ-ಪ್ರವರಾ, ಗುಜರಾತಿನ ಕೊಡಿನಾರ, ಉತ್ತರಪ್ರದೇಶದ ಲಖನೌ, ಮೈಸೂರು ರಾಜ್ಯದ ಹುಕ್ಕೇರಿ.

ಹುಕ್ಕೇರಿಯೇ ಏಕೆ? ಇಲ್ಲಿ ನೆಲ ಮೊದಲೇ ಹದವಾಗಿತ್ತು. ಸಹಕಾರಿ ಧುರೀಣ ಅಪ್ಪಣಗೌಡ ಪಾಟೀಲರಂಥವರು ರೈತರ ಪಾಲುಬಂಡವಾಳ ಕೂಡಿಸಿ ಸಂಘ ನಡೆಸುವುದನ್ನು ರೂಢಿ ಮಾಡಿಸಿದ್ದರು, ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ಬೆಳೆದದ್ದೂ ಅದೇ ನೆಲದಲ್ಲಿ. ಬಾವಿಗೆ ಪಂಪು ಕೂರಿಸಲು ಕಾಯುತ್ತಿದ್ದ ರೈತನಿಗೆ ಷೇರು, ಸದಸ್ಯತ್ವ, ಸರ್ವಸಾಧಾರಣ ಸಭೆ ಎಂಬ ಮಾತುಗಳು ಹೊಸವಾಗಿರಲಿಲ್ಲ. 1969ರ ಜುಲೈ ತಿಂಗಳಲ್ಲಿ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ನೋಂದಣಿಯಾಯಿತು. ಹಳ್ಳಿ ವಿದ್ಯುದೀಕರಣಕ್ಕೆ ಸಾಲ ಕೊಡುವ ಕೇಂದ್ರದ ನಿಗಮ ಸ್ಥಾಪನೆಯಾದದ್ದೂ ಅದೇ ತಿಂಗಳು.

ಅದರ ವ್ಯವಹಾರ ಹೀಗಿದೆ. ಸಂಘ ಕರೆಂಟು ಹುಟ್ಟಿಸುವುದಿಲ್ಲ. ರಾಜ್ಯದ ವಿದ್ಯುತ್ ಸಂಸ್ಥೆಯಿಂದ ಸಗಟಿನಲ್ಲಿ ಕೊಂಡು ತಾಲ್ಲೂಕಿನ ಮನೆ, ಅಂಗಡಿ, ಗಿರಣಿ, ಪಂಪ್‌ಸೆಟ್ಟುಗಳಿಗೆ ಹಂಚುತ್ತದೆ. ಕಂಬ, ತಂತಿ, ಟ್ರಾನ್ಸ್‌ಫಾರ್ಮರು, ಲೈನ್‌ಮನ್ನು ಎಲ್ಲ ಸಂಘದ್ದು. ಬಿಲ್ಲು ಕಟ್ಟುವವನೇ ಷೇರುದಾರ, ಷೇರುದಾರನೇ ಮತದಾರ, ಅವನು ಆರಿಸಿದ ಆಡಳಿತ ಮಂಡಳಿಯೇ ಅವನಿಗೆ ಬಿಲ್ಲು ಕಳಿಸುವುದು. 1999ರಲ್ಲಿ ವಿದ್ಯುತ್ ನಿಯಂತ್ರಣ ಆಯೋಗ ಬಂದಿತು, 2002ರಲ್ಲಿ ಉತ್ತರ ಕರ್ನಾಟಕದ ಈ ಭಾಗವೆಲ್ಲ ಹುಬ್ಬಳ್ಳಿಯ ವಿದ್ಯುತ್ ಕಂಪನಿ ಹೆಸ್ಕಾಂ ಕೈಗೆ ಹೋಯಿತು. ಆಗಲೂ ಹುಕ್ಕೇರಿ ಬೇರೆಯಾಗಿಯೇ ಉಳಿಯಿತು, ಅದರ ದರಪಟ್ಟಿಗೆ ಆಯೋಗ ಪ್ರತ್ಯೇಕ ಆದೇಶ ಹೊರಡಿಸುತ್ತದೆ. ರಾಜ್ಯದಲ್ಲಿ ಇಂಥ ಸಂಘ ಇದೊಂದೇ. ಜೊತೆಯಲ್ಲಿ ಹುಟ್ಟಿದ ಮುಳಾ-ಪ್ರವರಾ 2011ರಲ್ಲಿ ಪರವಾನಗಿ ಕಳೆದುಕೊಂಡಿತು.

ಮೆಚ್ಚುಗೆಯ ಭರದಲ್ಲಿ ಕೊರತೆ ಮುಚ್ಚಿಡಬಾರದು. ಪಂಪ್‌ಸೆಟ್ಟುಗಳಿಗೆ ಪುಕ್ಕಟೆ ಕರೆಂಟು ಎಂದು ಸರ್ಕಾರ ಘೋಷಿಸಿದ ಮೇಲೆ ಸಂಘದ ಜಮಾಖರ್ಚು ಸರ್ಕಾರದ ಸಬ್ಸಿಡಿಯ ದಾರಿ ಕಾಯುವಂತಾಯಿತು. ಸ್ವಂತ ಕಾಲಿನ ಮೇಲೆ ನಿಲ್ಲಲು ಹುಟ್ಟಿದ ಸಂಸ್ಥೆಗೆ ಇದು ಒಳಗಿನ ಪೆಟ್ಟು. ಆಡಳಿತ ಮಂಡಳಿಯ ಚುನಾವಣೆ ಈಗ ವಿಧಾನಸಭೆಯ ಚುನಾವಣೆಗಿಂತ ಬಿರುಸಾಗಿ ನಡೆಯುತ್ತದೆ, ಜಿಲ್ಲೆಯ ದೊಡ್ಡ ಮನೆತನಗಳೆಲ್ಲ ಅಖಾಡಕ್ಕೆ ಇಳಿಯುತ್ತವೆ. ಅದನ್ನು ಕಂಡು ಬೇಸರಿಸುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಂದು ತಾಲ್ಲೂಕಿನ ಕಂಬ-ತಂತಿಯ ಒಡೆತನಕ್ಕೆ ಅಷ್ಟು ಜನ ಬಡಿದಾಡುತ್ತಾರೆಂದರೆ ಅಲ್ಲಿ ನಿಜವಾದ ಅಧಿಕಾರ ಇದೆ ಎಂದೇ ಅರ್ಥ. ಬೇರೆ ತಾಲ್ಲೂಕಿನ ರೈತ ಟ್ರಾನ್ಸ್‌ಫಾರ್ಮರು ಸುಟ್ಟರೆ ಅರ್ಜಿ ಬರೆಯುತ್ತಾನೆ. ಹುಕ್ಕೇರಿಯ ರೈತನಿಗೆ ಅರ್ಜಿಯ ಜೊತೆಗೆ ಒಂದು ಮತವೂ ಇದೆ.

ಕಾರ್ಬಿ ಗುಡ್ಡಕ್ಕೆ ಸಂವಿಧಾನ ಕೊಟ್ಟದ್ದರಲ್ಲಿ ಒಂದು ಚೂರನ್ನು ಹುಕ್ಕೇರಿ ಸಹಕಾರಿ ಕಾಯ್ದೆಯಿಂದ ಪಡೆದುಕೊಂಡಿತು ಎಂದು ನಾನು ತಿಳಿಯುತ್ತೇನೆ. ಎರಡರ ಗಾತ್ರವೂ ತೂಕವೂ ಬೇರೆ. ಅಲ್ಲಿ ಜಮೀನು ಮತ್ತು ಕುಲದ ಪ್ರಶ್ನೆ, ಇಲ್ಲಿ ದೀಪ ಮತ್ತು ಪಂಪಿನದು. ಆದರೆ ತೀರ್ಮಾನ ಮಾಡುವವನು ನಮ್ಮೊಳಗಿನವನಾಗಿರಬೇಕು, ತಪ್ಪಿದರೆ ಅವನನ್ನು ನಾವೇ ಇಳಿಸುವಂತಿರಬೇಕು ಎಂಬ ಹಟ ಎರಡೂ ಕಡೆ ಒಂದೇ.

ಗೋಕಾಕವನ್ನು ಜಿಲ್ಲೆ ಮಾಡಬೇಕೆಂಬ ವಿಷಯದಲ್ಲಿ ಮಾತ್ರ ಆ ಹಟ ಇನ್ನೂ ಗೆದ್ದಿಲ್ಲ. 1956ರಲ್ಲಿ ಚಂದಗಡ ತಾಲ್ಲೂಕನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ಮುಂಬಯಿಯಿಂದ ಮೈಸೂರಿಗೆ ಬಂತು. ಅಂದಿನಿಂದ ಗಡಿ ತಕರಾರು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟಿತು. ಬೆಳಗಾವಿ ಕರ್ನಾಟಕದಲ್ಲೇ ಇರಬೇಕೆಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ, ಅದು ಕೇಳುವ ಹಳ್ಳಿಗಳಲ್ಲಿ ಹುಕ್ಕೇರಿ ತಾಲ್ಲೂಕಿನ ಕೆಲವೂ ಇವೆ. ಈ ತಕರಾರು ಗೋಕಾಕದ ಕೊರಳಿಗೆ ಸುತ್ತಿಕೊಂಡದ್ದು ವಿಚಿತ್ರ ರೀತಿಯಲ್ಲಿ. ಬೆಳಗಾವಿ ಜಿಲ್ಲೆಯ ವಿಸ್ತಾರ 13,415 ಚದರ ಕಿಲೋಮೀಟರು, ಹಳೆಯ ಕಾರ್ಬಿ ಆಂಗ್ಲಾಂಗಿಗಿಂತಲೂ ದೊಡ್ಡದು. 2011ರ ಜನಗಣತಿಯಲ್ಲಿ ಜನಸಂಖ್ಯೆ 47 ಲಕ್ಷ ದಾಟಿತ್ತು. 18 ವಿಧಾನಸಭಾ ಕ್ಷೇತ್ರಗಳು. ಇದನ್ನು ಒಡೆಯಬೇಕೆಂಬುದರಲ್ಲಿ ಆಡಳಿತದ ದೃಷ್ಟಿಯಿಂದ ಎರಡು ಮಾತಿಲ್ಲ. ಜಿಲ್ಲೆಗಳ ಪುನರ್ವಿಂಗಡಣೆಗೆಂದು ನೇಮಕವಾಗಿದ್ದ ವಾಸುದೇವರಾವ್, ಹುಂಡೇಕಾರ, ಗದ್ದಿಗೌಡರ ಸಮಿತಿಗಳ ಹೆಸರುಗಳು ಗೋಕಾಕದ ಹೋರಾಟಗಾರರ ಬಾಯಲ್ಲಿ ಪಾಠದ ಹಾಗೆ ಬರುತ್ತವೆ.

1997ರಲ್ಲಿ ಜೆ. ಎಚ್. ಪಟೇಲರ ಸರ್ಕಾರ ಹೊಸ ಜಿಲ್ಲೆಗಳನ್ನು ಮಾಡಿದಾಗ ಕಾಲ ಕೂಡಿ ಬಂತೆಂದು ಎಲ್ಲರೂ ತಿಳಿದರು. ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಉಡುಪಿ, ಚಾಮರಾಜನಗರ, ದಾವಣಗೆರೆ ಜಿಲ್ಲೆಗಳಾದವು. ಬೆಳಗಾವಿಯ ವಿಭಜನೆಯೂ ಘೋಷಣೆಯಾಗಿ, ಕೆಲವೇ ದಿನಗಳಲ್ಲಿ ಹಿಂದಕ್ಕೆ ಹೋಯಿತು. ಗೋಕಾಕವೋ ಚಿಕ್ಕೋಡಿಯೋ ಎಂಬ ಜಗ್ಗಾಟ ಒಂದು ಕಡೆ. ಕನ್ನಡ ಹಳ್ಳಿಗಳೇ ತುಂಬಿದ ಭಾಗ ಬೇರೆಯಾದರೆ ಉಳಿದ ಬೆಳಗಾವಿಯಲ್ಲಿ ಮರಾಠಿಯ ಪ್ರಮಾಣ ಹೆಚ್ಚಿ ಗಡಿ ವಾದಕ್ಕೆ ಬಲ ಬರುತ್ತದೆ ಎಂಬ ಕನ್ನಡ ಸಂಘಟನೆಗಳ ಭಯ ಇನ್ನೊಂದು ಕಡೆ. ಆ ಭಯ ಸುಳ್ಳೆಂದು ನಾನು ಹೇಳಲಾರೆ. ಆದರೆ ಅದರ ಬೆಲೆ ತೆತ್ತವರು ಯಾರೆಂದು ನೋಡಬೇಕು. ಬೆಳಗಾವಿ ಕನ್ನಡದ ಕೈಯಲ್ಲಿ ಗಟ್ಟಿಯಾಗಿ ಉಳಿಯಲಿ ಎಂದು ಕಾಲು ಶತಮಾನದಿಂದ ದೂರದ ಕಚೇರಿಗೆ ನಡೆಯುತ್ತಿರುವವರು ಗೋಕಾಕ, ಮೂಡಲಗಿಯ ಕನ್ನಡದ ರೈತರು. ಆ ತ್ಯಾಗಕ್ಕೆ ಯಾವ ವೇದಿಕೆಯಲ್ಲೂ ಹಾರ ಬಿದ್ದಿಲ್ಲ.

ದೂರದ ಬೆಲೆ ಕಾಗದಪತ್ರದಲ್ಲಿ ಮಾತ್ರ ಇರುವುದಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಒಟ್ಟಿಗೆ ಉಕ್ಕಿ ಗೋಕಾಕದ ಪೇಟೆ, ಓಣಿಗಳಿಗೆ ನುಗ್ಗಿದವು. ಲೋಳಸೂರ ಸೇತುವೆ ಮುಳುಗಿತು. ಎರಡು ತಿಂಗಳ ಮೇಲೆ ಅಕ್ಟೋಬರ್ ಮಳೆಗೆ ಊರಿನ ನೆತ್ತಿಯ ಮೇಲಿನ ಮಲ್ಲಿಕಾರ್ಜುನ ಗುಡ್ಡದಲ್ಲಿ ಮನೆಗಾತ್ರದ ಬಂಡೆಗಳು ಸಡಿಲಾಗಿ, ಕೆಳಗಿನ ಓಣಿಯವರು ಮನೆ ಬಿಟ್ಟು ಹೊರಡಬೇಕಾಯಿತು. ಹೊರಗಿನಿಂದ ತಂಡ ಬಂದು ಬಂಡೆ ಒಡೆಯುವವರೆಗೆ ಮೊದಲ ಅನ್ನ, ಮೊದಲ ಹೊದಿಕೆ ಕೊಟ್ಟವರು ಪಕ್ಕದ ಓಣಿಯವರು, ಮಠದವರು, ಕಾಲೇಜಿನ ಹುಡುಗರು.

2012ರ ಅಕ್ಟೋಬರಿನಲ್ಲಿ ಬೆಳಗಾವಿಯ ಹಲಗಾದ ಬಳಿ ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು. ಚಳಿಗಾಲದ ಅಧಿವೇಶನಕ್ಕೆ ಇಡೀ ಸರ್ಕಾರವೇ ಬಂದು ಕೂರುತ್ತದೆ. ಅಧಿವೇಶನ ಹತ್ತಿರವಾದಂತೆ ಗೋಕಾಕದಲ್ಲಿಯೂ ಚಿಕ್ಕೋಡಿಯಲ್ಲಿಯೂ ಜಿಲ್ಲಾ ಹೋರಾಟ ಸಮಿತಿಗಳು ಮತ್ತೆ ಸೇರುತ್ತವೆ, ವಕೀಲರು ಕಲಾಪದಿಂದ ಹೊರಗುಳಿಯುತ್ತಾರೆ, ಮನವಿ ಬರೆದು ಮಂತ್ರಿಗಳಿಗೆ ಕೊಡುತ್ತಾರೆ. ಪರಿಶೀಲಿಸುತ್ತೇವೆ ಎಂಬ ಮಾತು ಕೇಳಿ ತಿರುಗಿ ಬರುತ್ತಾರೆ.

ಗೋಕಾಕ ಬಸ್‌ಸ್ಟ್ಯಾಂಡಿನಿಂದ ಬೆಳಗಾವಿಗೆ ಹೋಗುವ ಮುಂಜಾನೆಯ ಬಸ್ಸು ಇಂದಿಗೂ ತುಂಬಿಯೇ ಹೊರಡುತ್ತದೆ. ಕಿಟಕಿಯ ಪಕ್ಕ ಧೋತರ ಉಟ್ಟು ಕುಳಿತ ಮುದುಕನ ತೊಡೆಯ ಮೇಲೆ ಒಂದು ಕೈಚೀಲ, ಅದರಲ್ಲಿ ರೊಟ್ಟಿಯ ಗಂಟು, ಮಳೆಹನಿ ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಉತಾರ.